ಕನ್ನಡಿಯ ಮೊದಲ ಬಟನ್

ಕುಕ್ಕರಿಗೆ ಇನ್ನೊಂದು ಸೀಟಿ ಬಾಕಿ ಇದೆ. ಅಷ್ಟರಲ್ಲಿ ಇದನ್ನು ಬರೆದಿಡುತ್ತೇನೆ.

ನೀವು ಮಲಗಿದ್ದಾಗ ಹೊಸ ಕಾರಿಗೆ ಗ್ಯಾರೇಜಿನ ಬಾಗಿಲು ತೆರೆಯುವುದನ್ನು ಕಲಿಸಿದ್ದೇನೆ. ಇನ್ನು ಕಾರಿನೊಳಗಿನ ಕನ್ನಡಿಯ ಕೆಳಗಿನ ಮೊದಲ ಬಟನ್ ಒತ್ತಿದರೆ ಸಾಕು. ನಾನು ಬಂದು ತೆರೆಯಲೆಂದು ಹೊರಗೆ ನಿಂತು ಎರಡು ಸಲ ಹಾರ್ನ್ ಹೊಡೆಯಬೇಕಾಗಿಲ್ಲ. ಊರು ಬಿಟ್ಟು ಗಲ್ಫಿನ ಈ ರಿಫಾಕ್ಕೆ ಬಂದ ಮೇಲೆ ನೀವು ನನ್ನನ್ನು ಹೆಸರು ಹಿಡಿದು ಕರೆದದ್ದಕ್ಕಿಂತ ಹಾರ್ನಿನಲ್ಲಿ ಕರೆದದ್ದೇ ಹೆಚ್ಚು.

ಬಾಗಿಲಿನ ರಿಮೋಟನ್ನು ಕನ್ನಡಿಗೆ ಹಿಡಿದು ಒತ್ತಿದರಷ್ಟೇ ಸಾಲದು. ಆಮೇಲೆ ಏಣಿ ಹತ್ತಿ ಛಾವಣಿಯಲ್ಲಿರುವ ಬಾಗಿಲಿನ ಮೋಟಾರಿನ ಗುಂಡಿ ಒತ್ತಿ, ಮೂವತ್ತು ಸೆಕೆಂಡಿನೊಳಗೆ ಕಾರಿಗೆ ಬಂದು ಕನ್ನಡಿಯ ಬಟನ್ ಒತ್ತಬೇಕು. ಇಬ್ಬರಿದ್ದರೆ ಸುಲಭ ಎಂದು ಕಾರಿನ ಜೊತೆ ಕೊಟ್ಟ ಪುಸ್ತಕದಲ್ಲಿದೆ. ನಿಮ್ಮನ್ನು ಎಬ್ಬಿಸಲು ಕೋಣೆಯವರೆಗೆ ಬಂದೆ. "ಟಿವಿ ರಿಮೋಟೇ ನಿನ್ನ ಕೈಯಲ್ಲಿ ಆಗುದಿಲ್ಲ ಮಾರಾಯ್ತಿ" ಎಂದು ಮೊನ್ನೆ ನಿಮ್ಮ ಆಫೀಸಿನ ಪ್ರೀತಮ್ ಎದುರು ನಕ್ಕಿದ್ದಿರಲ್ಲ, ಅದು ನೆನಪಾಗಿ ಹಿಂದಿರುಗಿದೆ.

ಎರಡು ಸಲ ಏಣಿ ಇಳಿಯುವಷ್ಟರಲ್ಲಿ ಸಮಯ ಮುಗಿಯಿತು. ಮೂರನೆಯ ಸಲ ಚಪ್ಪಲಿ ಬಿಟ್ಟು ಓಡಿದೆ. ಬಾಗಿಲು ಮೇಲೆದ್ದಿತು. ಹೇಳೋಣವೆಂದರೆ ಯಾರೂ ಇರಲಿಲ್ಲ. ಕನ್ನಡಿಯಲ್ಲಿ ಬೀದಿಯ ತುದಿಯವರೆಗೂ ಕಾಣುತ್ತಿತ್ತು, ಸ್ವಲ್ಪ ಹೊತ್ತು ಅಲ್ಲೇ ಕುಳಿತಿದ್ದೆ.

ಡ್ರೈವರ್ ಸೀಟು ಮುಂದಕ್ಕಿದೆ, ಕನ್ನಡಿ ನನ್ನ ಎತ್ತರಕ್ಕಿದೆ. ಸರಿಮಾಡಿಕೊಳ್ಳಿ.

ಇವತ್ತು ಪೇಟೆಯ ಕಡೆ ಗುದೈಬಿಯಾದಲ್ಲಿ ಭಜನೆ ಇದೆ. ಪಕ್ಕದ ಮನೆಯ ಉಷಾಲತಾ ತನ್ನ ಕಾರಿನಲ್ಲಿ ಕರೆದೊಯ್ಯುತ್ತಾಳೆ. ಅವಳು ಲೈಸೆನ್ಸ್ ತೆಗೆದು ಎರಡು ತಿಂಗಳಾಯಿತು. ಅವಳ ಹತ್ತಿರ ಸ್ವಲ್ಪ ಕೇಳಿಕೊಳ್ಳುವುದಿದೆ, ತಡವಾಗಬಹುದು. ಸಾರು ಬಿಸಿಮಾಡಿ ಊಟ ಮಾಡಿ.

ಹಳೆಯ ರಿಮೋಟ್ ಹುಡುಕಬೇಡಿ, ನನ್ನ ಚೀಲದಲ್ಲಿದೆ. ನಿಮಗಿನ್ನು ಅದು ಬೇಡವಲ್ಲ.

ಸುಜಯಾ