ಫ್ರಿಜ್ಜಿನಲ್ಲಿ ಇಡಬೇಡಿ

ಏಪ್ರಿಲ್ 12, ಸಂಜೆ

ಇವತ್ತಿನ ಪ್ರವಾಸಿಗರೆಲ್ಲ ಡಚ್ಚರು. ಬೆಳಿಗ್ಗೆ ಮೇಕೆ ಚೀಸ್ ಮಾಡುವವರ ಮನೆ, ಮಧ್ಯಾಹ್ನ ಅನ್ಯೊಲೊಟ್ಟಿ ಪಾಸ್ತಾ ಊಟ, ಕೊನೆಗೆ ನಮ್ಮ ಬಿಯರಿನ ನೆಲಮಾಳಿಗೆ. ವ್ಯಾನಿನಲ್ಲಿ ಒಬ್ಬ ಕೇಳಿದ — ಇಟಲಿ ಅಂದ್ರೆ ವೈನ್ ಅಲ್ವಾ, ಬಿಯರ್ ಯಾಕೆ? ನಾನು ಬಿಡಲಿಲ್ಲ. ಇಳಿಯುವವರೆಗೂ ಉತ್ತರ ಕೊಟ್ಟೆ. ಕಾರ್ಖಾನೆಯವರು ಬಿಯರನ್ನು ಸೋಸಿ, ಕಾಯಿಸಿ, ಕೊಂದು, ಹೆಣಕ್ಕೆ ಚೀಟಿ ಅಂಟಿಸಿ ಮಾರುತ್ತಾರೆ. ನಮ್ಮದು ಹಾಗಲ್ಲ. ಬಾಟಲಿಯೊಳಗೂ ಬದುಕಿರುತ್ತದೆ. ನಮ್ಮ ಕರಪತ್ರದಲ್ಲೂ ಅದನ್ನೇ ಬರೆದಿದ್ದೇನೆ.

ಹೋದ ಅಕ್ಟೋಬರಿನಲ್ಲಿ ತುಂಬಿದ ಬಾಟಲಿಗಳು. ನೊರೆ ಬರಲೆಂದು ಎಲ್ಲರೂ ಕೊನೆಗೆ ಸಕ್ಕರೆ ಹಾಕುತ್ತಾರೆ. ನಾವು ಆಗಷ್ಟೇ ಹಿಂಡಿದ ಮಸ್ಕಾಟೊ ದ್ರಾಕ್ಷಿಯ ರಸ ಹಾಕಿದೆವು. ಹಠ ನನ್ನದು. ಸಕ್ಕರೆ ಕಾರ್ಖಾನೆಯದು, ದ್ರಾಕ್ಷಿ ನಮ್ಮ ಗುಡ್ಡದ್ದು. ಚಳಿಗಾಲವಿಡೀ ನೊರೆಯೇ ಇರಲಿಲ್ಲ. ಬಿಯರ್ ತಯಾರಿಸುವವಳು ಅಕ್ಕ ಪಿಯೆರಾ. ಬೈದೂ ಬೈದೂ ಸುಸ್ತಾಗಿದ್ದಳು. ಇವತ್ತು ತೆರೆದರೆ — ಎರಡು ಬೆರಳಿನಷ್ಟು ನೊರೆ, ಗಟ್ಟಿ, ಬೆಳ್ಳಗೆ!

"ನಿನ್ನ ಕರಪತ್ರ ಒಂದ್ಸಲನಾದ್ರೂ ನಿಜ ಹೇಳ್ತಲ್ಲೋ ಎಲ್ವಿಯೊ" ಎಂದಳು.

ಹೊರಡುವಾಗ ಪ್ರತಿಯೊಬ್ಬರಿಗೂ ಒಂದು ಬಾಟಲಿ ಉಡುಗೊರೆ. ಕೊರಳಿಗೆ ಕಟ್ಟಿದ ಚೀಟಿಯ ಬರಹ ನನ್ನದು — ಫ್ರಿಜ್ಜಿನಲ್ಲಿ ಇಡಬೇಡಿ. ಇದಕ್ಕೆ ಜೀವವಿದೆ. ಬೆಚ್ಚಗಿಡಿ.

ಏಪ್ರಿಲ್ 26

ಜರ್ಮನ್ನರು. ಬಿರಡೆ ತೆಗೆದದ್ದೇ ಅರ್ಧ ಬಾಟಲಿ ಬಿಯರ್ ಉಕ್ಕಿ ಮೇಜಿನ ಮೇಲೆ. ಎಲ್ಲರೂ ಚಪ್ಪಾಳೆ. ಅಕ್ಕ ಮಾತ್ರ ನಗಲಿಲ್ಲ. ಅವರು ಹೋದಮೇಲೆ ಖಾಲಿ ಬಾಟಲಿಯನ್ನು ಬೆಳಕಿಗೆ ಹಿಡಿದು ನೋಡಿದಳು.

"ಇದು ಮಾಮೂಲಿ ವೈನ್ ಬಾಟಲಿ ಕಣೋ. ತೆಳು ಗಾಜು. ಇಷ್ಟು ಒತ್ತಡ ತಡಿಯೋದಲ್ಲ."

"ಹೊಸ ಗಾಜು ಕೊಳ್ಳಬಾರದು ಅಂತ ಮೂವರೂ ಸೇರಿ ತೀರ್ಮಾನ ಮಾಡಿದ್ದು. ಊರೆಲ್ಲ ಸುತ್ತಿ ಹಳೇ ಬಾಟಲಿ ತಂದು ತೊಳೆದಿದ್ದು ನಾನು."

"ಸರಿ, ಈಗ ಎಲ್ಲಾನೂ ತಣ್ಣನೆ ಕೋಣೆಗೆ ಹಾಕೋಣ. ಯೀಸ್ಟ್ ಮಲಗಲಿ, ಗ್ಯಾಸ್ ಏರೋದು ನಿಲ್ಲಲಿ."

"ಅದು ಜೈಲು."

"ಅದು ಫ್ರಿಜ್ಜು! ನಿಂಗೆ ಬಟ್ಟೆ ಒಗೆಯೋದೂ ಕ್ರಾಂತಿನೇ."

ಮತಕ್ಕೆ ಹಾಕೋಣ ಎಂದೆ. ನಮ್ಮದು ಸಹಕಾರ ಸಂಘ, ಮೂವರು ಸದಸ್ಯರು, ಮೂವರೂ ಸಮ. ವ್ಯಾನ್ ಓಡಿಸುವ ಗೊತ್ತಾರ್ದೊ ಮಾವ ನನ್ನ ಕಡೆ ಕೈ ಎತ್ತಿದ.

"ತಣ್ಣನೆ ಕೋಣೇಲಿ ನನ್ನ ಸಾಸೇಜು ಇದೆ. ಜಾಗ ಇಲ್ಲ."

ಎರಡಕ್ಕೆ ಒಂದು. ಅಕ್ಕ ಬಾಗಿಲು ಬಡಿದುಕೊಂಡು ಹೋದಳು. ಸೋತವರು ಬಹುಮತಕ್ಕೆ ತಲೆಬಾಗಬೇಕು. ಅದನ್ನೂ ಕಲಿಯಬೇಕು.

ಮೇ 10

ಸೆಕೆ ಶುರು. ಬಿರಡೆ ಹಾರಿ ದೀಪದ ಗಾಜು ಒಡೆಯಿತು. ಇನ್ನೊಂದು, ಇನ್ನೊಂದು ಎಂದು ಜನ ಕೂಗಿದರು. ಇಷ್ಟು ಸಂತೋಷಪಟ್ಟ ಗುಂಪು ಈವರೆಗೆ ಬಂದಿರಲಿಲ್ಲ. ಇವರಿಗೂ ತಲೆಗೊಂದು ಬಾಟಲಿ.

ರೈಲು ನಿಲ್ದಾಣಕ್ಕೆ ಬಿಡಲು ಹೋಗುವಾಗ ತಿರುವು ತಿರುವಿಗೂ ಅವರ ಚೀಲಗಳಲ್ಲಿ ಬಾಟಲಿಗಳ ಸದ್ದು. ಮಾವ ರೇಡಿಯೊ ಬಂದ್ ಮಾಡಿದ.

"ಯಾಕೆ ಮಾವ?"

"ಏನಿಲ್ಲ. ಕೇಳಿಸ್ಕೋತಾ ಇರೋಣ ಅನ್ನಿಸ್ತು."

ಪ್ರತಿ ತಿರುವಿನಲ್ಲೂ ವೇಗ ತಗ್ಗಿಸಿದ.

ಮೇ 13

ನೆಲಮಾಳಿಗೆಯಲ್ಲಿ ಒಂದು ಬಾಟಲಿ ಇಲ್ಲ. ಕತ್ತು ಮಾತ್ರ ಇದೆ, ಬಿರಡೆ, ತಂತಿ, ನನ್ನ ಚೀಟಿ ಸಮೇತ. ಉಳಿದದ್ದು ಎದುರಿನ ಬಾಗಿಲಲ್ಲಿ. ಮರದೊಳಗೆ ನೆಟ್ಟಿದ್ದ ಒಂದು ಚೂರನ್ನು ಇಕ್ಕಳ ಹಾಕಿ ಎಳೆಯಬೇಕಾಯಿತು. ನನ್ನ ಮುಖದ ಎತ್ತರಕ್ಕೆ ಇತ್ತು.

ಗುಡಿಸಿದೆ. ಒರೆಸಿದೆ. ಅಕ್ಕನಿಗೆ ಹೇಳಲಿಲ್ಲ. ಹೇಳಿದರೆ ಮತ್ತೆ ತಣ್ಣನೆ ಕೋಣೆಯ ಮಾತು ತೆಗೆಯುತ್ತಾಳೆ. ಒಂದು ಬಾಟಲಿ ಕೆಟ್ಟರೆ ಸಿದ್ಧಾಂತ ಕೆಡುವುದಿಲ್ಲ.

ಆದರೂ... ಮೆಟ್ಟಿಲ ಮೇಲೆ ನಿಂತು ಕಿವಿಗೊಟ್ಟೆ. ಏನೂ ಇಲ್ಲ. ಎಲ್ಲವೂ ಸಾಲಾಗಿ, ಸುಮ್ಮನೆ ಕೂತಿವೆ.

ಮೇ 29, ಬೆಳಿಗ್ಗೆ. ಆಸ್ತಿ ಪಟ್ಟಣದ ಆಸ್ಪತ್ರೆ

ಅಕ್ಕನ ಬಲಗಣ್ಣು.

ನಿನ್ನೆ ನೆಲಮಾಳಿಗೆಗೆ ಇಳಿದಳು. ಒಂದು ಸಿಡಿಯಿತು. ಅದರ ಏಟಿಗೆ ಪಕ್ಕದ್ದು, ಅದರ ಏಟಿಗೆ ಅದರಾಚೆಯದು, ಇಡೀ ಸಾಲು. ನಾನು ಅಂಗಳದಲ್ಲಿದ್ದೆ. ಮೊದಲು ಪಟಾಕಿ ಅಂದುಕೊಂಡೆ.

ಈಗ ಎಚ್ಚರವಾಗಿದ್ದಾಳೆ. ತಲೆಯೆಲ್ಲ ಪಟ್ಟಿ. ಬೈಯುತ್ತಾಳೆ ಅಂತ ಕಾದೆ. ಬೈಯಲಿಲ್ಲ.

"ಮನೆಗೆ ತಗೊಂಡು ಹೋದರಲ್ಲ, ಅವರು ಕುಡಿದು ಮುಗಿಸಿದಾರಾ?"

ಗೊತ್ತಿಲ್ಲ ಎಂದೆ.

"ಇಲ್ಲಿ ಕೂತು ನನ್ನ ಮುಖ ಏನು ನೋಡ್ತೀಯಾ? ಎದ್ದೇಳು. ಫೋನ್ ಮಾಡು."

ಮೇ 29, ಮಧ್ಯಾಹ್ನ

ಆಸ್ಪತ್ರೆಯ ಓಣಿಯಲ್ಲೇ ಕೂತಿದ್ದೇನೆ. ಬಹಳ ಮಂದಿ ಕುಡಿದಾಗಿದೆ, ಬಚಾವು. ಒಬ್ಬನ ಅಡುಗೆಮನೆಯ ಕಪಾಟು ಹೋಗಿದೆ, ಎಲ್ಲರೂ ತೋಟದಲ್ಲಿದ್ದರಂತೆ. ಬೈದ. ಬೈಯಲಿ. ಒಬ್ಬಾಕೆ ಕ್ಷಮೆ ಕೇಳಿದಳು — "ತಪ್ಪು ತಿಳ್ಕೋಬೇಡಿ, ಜಾಗ ಇಲ್ದೆ ಫ್ರಿಜ್ಜಲ್ಲಿಟ್ಟುಬಿಟ್ಟೆ." ಅಲ್ಲೇ ಇರಲಿ, ಅಲ್ಲೇ ಇರಲಿ ಎಂದೆ.

ಈಗ ಆ ಡಚ್ ಗುಂಪಿನಲ್ಲಿದ್ದ ಉಟ್ರೆಕ್ಟಿನ ಮುದುಕ, ವೆರ್ಹಾಫ್. ನನ್ನ ಹೆಸರು ಹೇಳಿದ್ದೇ ತಡ, ಮಾತಾಡಲು ಬಿಡಲೇ ಇಲ್ಲ.

"ಓಹೋ, ಎಲ್ವಿಯೊ! ನೂರು ವರ್ಷ ಆಯಸ್ಸು ನಿಮಗೆ! ಈಗಷ್ಟೇ ನಿಮ್ಮ ಮಾತೇ ಬಂತು. ಬಿಸಿಲು ಬೀಳೋ ಕಿಟಕೀಲೇ ಇಟ್ಟಿದೀವಿ, ನೀವು ಬರೆದ ಹಾಗೇನೇ. ಮೊಮ್ಮಗಳು ಬಂದಿದಾಳೆ, ಇವತ್ತು ತೆಗೀತೀವಿ. ಇರಿ ಇರಿ, ಬಿರಡೆ ಹಾರೋ ಸದ್ದು ನೀವೂ ಕೇಳ್ಬೇಕು!"

ಫೋನನ್ನು ಎಲ್ಲೋ ಇಟ್ಟು ಹೋದರು. ಕೂಗುತ್ತಿದ್ದೇನೆ. ನರ್ಸ್ ಗದರುತ್ತಿದ್ದಾಳೆ. ಕತ್ತರಿಸಿ ಮತ್ತೆ ಮಾಡಿದರೆ ತಾಗುವುದಿಲ್ಲ, ಅವರ ಕಡೆ ಫೋನ್ ತೆರೆದೇ ಇದೆ. ಹೆಜ್ಜೆ ಸದ್ದು. ಹೆಂಡತಿಯನ್ನು ಕರೆದರು. ಗ್ಲಾಸುಗಳು. ಮಗು ಏನೋ ಕೇಳುತ್ತಿದೆ, ಅವರು ನಗುತ್ತಿದ್ದಾರೆ. ಹತ್ತಿರ ಬಂದರು. ಬಾಟಲಿ ಮೇಜಿನ ಮೇಲೆ ಇಟ್ಟ ಸದ್ದು. ಫೋನ್ ಎತ್ತಿ. ದಯವಿಟ್ಟು ಮೊದಲು ಫೋನ್