ನಿಮ್ಮ ಮೇಜಿನ ಮೇಲಿರುವ ಹೋಲಿಕೆ ಪಟ್ಟಿಗೆ ಸಹಿ ಹಾಕಿ

ಕೋಳಿ ಆರೋಗ್ಯ ಮತ್ತು ಮರಿ ವಿತರಣಾ ಘಟಕದ ಮುಖ್ಯಾಧಿಕಾರಿಗಳೇ,

ನನ್ನ ಅಂಗಳದ ಕೋಳಿಗಳಿಗೆ ಯಾವ ರೋಗ ಬಂತು, ಎಲ್ಲಿಂದ ಬಂತು ಎಂದು ಹೇಳುವ ಹಾಳೆಯೊಂದು ಹತ್ತು ವಾರಗಳಿಂದ ನಿಮ್ಮ ಮೇಜಿನ ಮೇಲಿದೆ. ಅದಕ್ಕೆ ನೀವು ಸಹಿ ಹಾಕುತ್ತಿಲ್ಲ. ಸಹಿ ಬೀಳುವವರೆಗೆ ನನ್ನ ಮನೆಯ ಒಂದು ಕೋಳಿ, ಒಂದು ಮೊಟ್ಟೆ, ಒಂದು ಬುಟ್ಟಿ ಗೊಬ್ಬರ ಗೇಟು ದಾಟುವಂತಿಲ್ಲ ಎಂಬುದೂ ನಿಮ್ಮದೇ ಆದೇಶ. ನನ್ನ ದೂರು ಇಷ್ಟೇ. ಮುಂದೆ ಓದಲು ಪುರುಸೊತ್ತಿಲ್ಲದಿದ್ದರೆ ಇಲ್ಲಿಗೇ ನಿಲ್ಲಿಸಿ ಸಹಿ ಹಾಕಬಹುದು, ನನಗೇನೂ ಬೇಸರವಿಲ್ಲ.

ನಾನು ಸಂಪಾಜೆ ಕಡೆಯವಳು. ಶಾಲೆಯಲ್ಲಿ ಕಲಿತದ್ದು ನಾಲ್ಕನೇ ಕ್ಲಾಸು; ಉಳಿದದ್ದನ್ನು ದಿನಸಿ ಕಟ್ಟಿ ಬಂದ ಪೇಪರು ಬಿಡಿಸಿ ಓದಿ ಕಲಿತೆ. ಐವತ್ತು ವರ್ಷಗಳಿಂದ ನೆಂಟರಿಗೆ ಕಾಗದ ಬರೆಯುತ್ತಿದ್ದೇನೆ, ಮೊಬೈಲು ಬಂದ ಮೇಲೂ ಬಿಟ್ಟಿಲ್ಲ. ಅಧಿಕಾರಿಗಳಿಗೆ ಬರೆಯುವುದು ಇದೇ ಮೊದಲು. ನೆಂಟರಿಗೆ ಬರೆಯುವ ಸಲಿಗೆ ನಡುವೆ ನುಸುಳಿದರೆ ಹೊಟ್ಟೆಗೆ ಹಾಕಿಕೊಳ್ಳಿ. ಹೇಗೂ ನಿಮ್ಮ ಮರಿಗಳು ನಮ್ಮ ಮನೆ ಹೊಕ್ಕ ಮೇಲೆ ನಮಗೂ ನಿಮಗೂ ಒಂದು ಬಗೆಯ ಸಂಬಂಧ ಬೆಳೆದಿದೆಯಲ್ಲ.

ಆ ಮರಿಗಳ ವಿಷಯಕ್ಕೇ ಬರುತ್ತೇನೆ. ಕಳೆದ ಆಗಸ್ಟಿನಲ್ಲಿ ನಿಮ್ಮ ಯೋಜನೆಯಡಿ ಇಪ್ಪತ್ತೈದು ಮರಿ ಕೊಟ್ಟಿರಿ. ರಟ್ಟಿನ ಪೆಟ್ಟಿಗೆ ಹಿಡಿಸಿ ನನ್ನ ಫೋಟೋ ತೆಗೆದರು, ಸೆರಗು ಸರಿಮಾಡಿಕೊಳ್ಳಲೂ ಹೇಳಿದರು. ವಾರದೊಳಗೆ ಒಂಬತ್ತು ಮರಿ ಸತ್ತವು. ಬಾಲದ ಕೆಳಗೆ ಸುಣ್ಣದಂಥ ಬಿಳಿ ಹಿಕ್ಕೆ ಅಂಟಿರುತ್ತಿತ್ತು. ಮಳೆಗಾಲದ ಥಂಡಿ ಎಂದುಕೊಂಡೆ. ಬಲ್ಬು ಉರಿಸಿಟ್ಟೆ, ಅರಿಸಿನ ಕಲಸಿದ ನೀರು ಕುಡಿಸಿದೆ. ಸೆಪ್ಟೆಂಬರಿನಲ್ಲಿ ನನ್ನ ಹಳೆಯ ನಾಟಿ ಕೋಳಿಗಳೂ ಜುಟ್ಟು ಬಿಳಿಚಿಕೊಂಡು, ರೆಕ್ಕೆ ಇಳಿಬಿಟ್ಟು, ನಿಂತಲ್ಲೇ ಬೀಳತೊಡಗಿದವು.

ಆಗ ನಾನೊಂದು ಕೆಲಸ ಮಾಡಿದೆ. ಗೂಡಿಗೆ ಕಾಯಿಲೆ ಬಿತ್ತೆಂದರೆ ನಮ್ಮ ಮನೆಯಲ್ಲಿ ಮೊದಲು ಮಾಡುವುದು, ಗಟ್ಟಿಯಾಗಿರುವ ಎರಡು ಹೇಂಟೆಗಳನ್ನು ನೆಂಟರ ಮನೆಗೆ ದಾಟಿಸುವುದು. ಇಲ್ಲಿ ಎಲ್ಲ ಸತ್ತರೂ ತಳಿ ಅಲ್ಲಿ ಉಳಿಯುತ್ತದೆ. ಮುಂದೆ ಮರಿಯಾದಾಗ ಅರ್ಧ ಅವರಿಗೆ, ಅರ್ಧ ನಮಗೆ. ನನ್ನ ಅಜ್ಜಿ ಮಾಡಿದ್ದೂ ಇದನ್ನೇ, ಅತ್ತೆ ಮಾಡಿದ್ದೂ ಇದನ್ನೇ. ನಾನೂ ಎರಡು ಕರಿ ಹೇಂಟೆಗಳನ್ನು ಬುಟ್ಟಿಯಲ್ಲಿಟ್ಟು, ಬಸ್ಸು ಹತ್ತಿ, ಮಾದಾಪುರದಲ್ಲಿರುವ ನನ್ನ ತಂಗಿ ಚಿನ್ನಿಯ ಮನೆಯಲ್ಲಿ ಬಿಟ್ಟು ಬಂದೆ. ಹದಿನೆಂಟು ದಿನಗಳಲ್ಲಿ ಅವಳ ನಲವತ್ತು ಕೋಳಿಗಳೂ ಸತ್ತವು. ನಾನು ಕೊಟ್ಟ ಎರಡು ಮಾತ್ರ ಏನೂ ಆಗದವರಂತೆ ಅಂಗಳ ಕೆದಕುತ್ತಿದ್ದವು. ಮೈಯಲ್ಲಿ ರೋಗ ಹೊತ್ತೂ ಗಟ್ಟಿಯಾಗಿರುವ ಕೋಳಿಗಳಿರುತ್ತವೆಂದು ಆಗ ನನಗೆ ಗೊತ್ತಿರಲಿಲ್ಲ.

ಚಿನ್ನಿ ಫೋನು ಮಾಡಿದಳು. ನಾವು ಅರೆಭಾಷೆಯವರು, ಅವಳು ಆಡಿದ್ದನ್ನು ಆಡಿದ ಹಾಗೆಯೇ ಬರೆಯುತ್ತೇನೆ; ತರ್ಕಾಕನ ಎಂದರೆ ತರುವಾಗ.

"ಅಕ್ಕಾ, ನೀ ಕೋಳಿ ತರ್ಕಾಕನ ನಿನ್ನಲ್ಲಿ ಮರಿ ಸಾಯ್ತಾ ಇತ್ತಾ ಇಲ್ಲೆಯಾ? ಅದೊಂದು ಹೇಳ್."

"ಸಾಯ್ತಾ ಇತ್ತ್ ಚಿನ್ನಿ. ಥಂಡಿಗೆ ಅಂತ ಗ್ರಹಿಸಿದೆ."

"ನೀ ಗ್ರಹಿಸ್ದಕ್ಕೆ ನನ್ನ ಗೂಡೇ ಖಾಲಿ ಆತ್. ಇನ್ನ್ ನಿನ್ನ ಕೋಳಿನೂ ಬೇಡ, ಕಾಗದನೂ ಬೇಡ."

ಮಾತಿಗೆ ತಪ್ಪುವ ಹೆಂಗಸಲ್ಲ ಅವಳು. ಅಂದಿನಿಂದ ನಾನು ಬರೆದ ಆರು ಕಾಗದಗಳೂ ಒಡೆಯದೆ ವಾಪಸು ಬಂದಿವೆ. ಅವಳಿಗೆ ತಲುಪುವುದು ಈಗ ಪೇಪರಿನಲ್ಲಿ ಅಚ್ಚಾದದ್ದು ಮಾತ್ರ. ಅದನ್ನಾದರೆ ಜಾಹೀರಾತೂ ಬಿಡದೆ ಓದುತ್ತಾಳೆ. ನಿಮಗೆ ಬರೆಯುವ ಪತ್ರವನ್ನು ನಾನು ಪೇಪರಿಗೆ ಕೊಟ್ಟು ಊರಿಗೆಲ್ಲ ಕೇಳುವಂತೆ ಬರೆಯುತ್ತಿರುವುದಕ್ಕೆ ಅದೂ ಒಂದು ಕಾರಣ.

ಅಕ್ಟೋಬರಿನಲ್ಲಿ ನಮ್ಮ ಪಶುವೈದ್ಯೆ ಶೋಭಿತಾ ಬಂದರು. ಮೊಮ್ಮಗಳ ವಯಸ್ಸಿನವರು, ಕೆಸರಿಗೆ ಹೇಸುವವರಲ್ಲ. ಸತ್ತ ಕೋಳಿಗಳ ಪಿತ್ತಜನಕಾಂಗದ ತುಂಡುಗಳನ್ನು ಮಂಜುಗಡ್ಡೆಯ ಡಬ್ಬದಲ್ಲಿಟ್ಟು ಪರೀಕ್ಷಾಲಯಕ್ಕೆ ಕಳಿಸಿದರು. ಮಾದಾಪುರಕ್ಕೂ ಹೋಗಿ ತಂದರು. ಮೊದಲ ಪರೀಕ್ಷೆಯಲ್ಲಿ ತಿಳಿದದ್ದು ಸಾಲ್ಮೊನೆಲ್ಲಾ ಎಂಬ ಬ್ಯಾಕ್ಟೀರಿಯ, ಕೋಳಿ ಟೈಫಾಯ್ಡು ತರುವಂಥದ್ದು ಎಂದಷ್ಟೇ. "ಎಲ್ಲಿಂದ ಬಂತು?" ಎಂದೆ. "ಅದನ್ನು ಈ ಪರೀಕ್ಷೆ ಹೇಳೋದಿಲ್ಲಮ್ಮ" ಎಂದರು. ನನಗೆ ಅರ್ಥವಾಯಿತು. ಮದುವೆ ಸಂಬಂಧ ಕೇಳಲು ಬಂದವರು ಬಳಿ, ಅಂದರೆ ಕುಲ, ಯಾವುದೆಂದು ಹೇಳಿ ಮನೆ ಯಾವುದೆಂದು ಹೇಳದೆ ಕೂತ ಹಾಗೆ.

ಮನೆ ಹೇಳುವ ಪರೀಕ್ಷೆ ಬೇರೆ ಇದೆಯಂತೆ. ಆ ಬ್ಯಾಕ್ಟೀರಿಯದ ಒಡಲಲ್ಲಿ ಅದರ ಜೀವದ ಬರಹವಿರುತ್ತದೆ, ಸುಮಾರು ನಲವತ್ತೇಳು ಲಕ್ಷ ಅಕ್ಷರ. ಒಂದು ಎರಡಾಗುವಾಗಲೆಲ್ಲ ಅಷ್ಟನ್ನೂ ನಕಲು ಮಾಡಿಕೊಳ್ಳುತ್ತದೆ, ಎಲ್ಲೋ ಅಪರೂಪಕ್ಕೆ ಒಂದಕ್ಷರ ತಪ್ಪುತ್ತದೆ. ಆ ತಪ್ಪು ಮುಂದಿನ ನಕಲುಗಳಿಗೂ ಹೋಗುತ್ತದೆ. ಎರಡು ಕಡೆಯ ಬರಹವನ್ನು ಪಕ್ಕಪಕ್ಕ ಇಟ್ಟು ನೋಡಿದರೆ, ಯಾವ ತಪ್ಪು ಯಾವುದರಲ್ಲಿದೆ ಎಂಬುದರಿಂದ ಯಾರು ಯಾರಿಗೆ ಹತ್ತಿರ ಎಂದು ತಿಳಿಯುತ್ತದೆ. ಇದನ್ನು ವಿವರಿಸಿ ಡಾಕ್ಟರು, "ಅರ್ಥ ಆಯ್ತಾ, ಅಮ್ಮ?" ಎಂದು ಅಳುಕಿನಿಂದಲೇ ಕೇಳಿದರು. ಅರ್ಥವಾಗದೆ ಏನು? ಒಂದೇ ಮದುವೆ ಕಾಗದವನ್ನು ಮೂವತ್ತು ಮನೆಗೆ ಕೈಯಲ್ಲಿ ನಕಲು ಮಾಡಿದವಳು ನಾನು. ಹತ್ತನೆಯದರಲ್ಲಿ ಮುಹೂರ್ತ ತಪ್ಪಿದರೆ ಅದನ್ನು ನೋಡಿ ಬರೆದ ಹನ್ನೊಂದನೆಯದರಲ್ಲೂ ತಪ್ಪೇ.

ಮಾದರಿ ಕೊಟ್ಟವಳೆಂದು ಪರೀಕ್ಷಾಲಯದವರು ಆ ಹೋಲಿಕೆ ಪಟ್ಟಿಯ ಕರಡನ್ನು ನನಗೂ ಕಳಿಸಿದರು. ಮೇಲೆ ಕೆಂಪು ಮೊಹರು: "ಮುಖ್ಯಾಧಿಕಾರಿಗಳ ಸಹಿಯಿಲ್ಲದೆ ಮಾನ್ಯವಲ್ಲ." ಮಾನ್ಯವಲ್ಲದ್ದನ್ನು ಓದಬಾರದೆಂದೇನೂ ಬರೆದಿರಲಿಲ್ಲ, ಓದಿದೆ. ನಿಮ್ಮ ಮರಿ ಕೇಂದ್ರದಲ್ಲೇ ಸತ್ತ, ನನಗೆ ಕೊಟ್ಟ ತಂಡದವೇ ಆದ ಮರಿಗಳ ಬ್ಯಾಕ್ಟೀರಿಯಕ್ಕೂ ನನ್ನ ಅಂಗಳದ್ದಕ್ಕೂ ನಲವತ್ತೇಳು ಲಕ್ಷದಲ್ಲಿ ಎರಡೇ ಅಕ್ಷರ ವ್ಯತ್ಯಾಸ. ಈ ಕಡೆ ಹಿಂದೆ ಸಿಕ್ಕಿ, ಶೈತ್ಯದಲ್ಲಿ ಇಟ್ಟಿದ್ದ ಹಳೆಯದಕ್ಕೆ ಹೋಲಿಸಿದರೆ ಇನ್ನೂರಕ್ಕಿಂತ ಹೆಚ್ಚು. ಕೊನೆಯ ಸಾಲು ಮಾದಾಪುರದ್ದು. ನನ್ನಲ್ಲಿಯ ಆ ಎರಡು ತಪ್ಪುಗಳೂ ಅದರಲ್ಲಿವೆ, ಮೇಲೊಂದು ತನ್ನದೇ. ಅಂದರೆ ದಾರಿ ಸ್ಪಷ್ಟ: ನಿಮ್ಮಲ್ಲಿಂದ ನನ್ನಲ್ಲಿಗೆ, ನನ್ನಿಂದ ಚಿನ್ನಿಯಲ್ಲಿಗೆ. ತಾರೀಖುಗಳೂ ಅದಕ್ಕೆ ಸರಿಯಾಗಿಯೇ ಕೂರುತ್ತವೆ ಎಂದು ಡಾಕ್ಟರು ಷರಾ ಬರೆದಿದ್ದಾರೆ.

ಸಹಿ ಯಾಕೆ ಆಗಿಲ್ಲವೆಂದು ಕೇಳಲು ನಿಮ್ಮ ಕಚೇರಿಗೆ ಬಂದಿದ್ದೆ. ನೀವು ಮೀಟಿಂಗಿನಲ್ಲಿದ್ದಿರಿ. ಗುಮಾಸ್ತರು ಒಳ್ಳೆಯವರು, ಕೂರಿಸಿ ಮಾತಾಡಿದರು.

"ಮರಿ ಕೇಂದ್ರದಿಂದ ಒಪ್ಪಿಗೆ ಬರ್ಬೇಕಮ್ಮ. ಪತ್ರ ಬರ್ದಿದ್ದೇವೆ."

"ಮರಿ ಕೇಂದ್ರ ಯಾರ ಕೈಕೆಳಗೆ ಬರ್ತದೆ?"

"ಸಾಹೇಬ್ರದ್ದೇ."

"ಪತ್ರ ಬರೆದವರು?"

"ಸಾಹೇಬ್ರೇ."

"ಹಾಗಾದ್ರೆ ಸಾಹೇಬ್ರಿಗೆ ಸಾಹೇಬ್ರು ಇನ್ನೂ ಉತ್ತರ ಕೊಟ್ಟಿಲ್ಲ?"

ಅವರು ಫೈಲಿನ ದಾರ ಬಿಚ್ಚಿ ಮತ್ತೆ ಕಟ್ಟಿದರು. ಸ್ವಾಮಿ, ನನ್ನ ಕಾಗದ ಒಡೆಯದೆ ವಾಪಸು ಕಳಿಸುವ ತಂಗಿಯಾದರೂ ಬೇರೆ ಮನೆಯಲ್ಲಿದ್ದಾಳೆ. ನೀವು ಒಂದೇ ಕುರ್ಚಿಯಲ್ಲಿ ಕೂತು ನಿಮ್ಮೊಡನೆ ನೀವೇ ಮಾತು ಬಿಟ್ಟಿದ್ದೀರಲ್ಲ, ಇದಕ್ಕೆ ಯಾರನ್ನು ಮಧ್ಯಸ್ಥಿಕೆಗೆ ಕರೆಯೋಣ?

ಅತ್ತ ನೀವು ಯೋಚಿಸುತ್ತಿರುವಾಗ ಇತ್ತ ನಾನು ಹೇಗಿದ್ದೇನೆ ಎಂದು ಕೇಳುತ್ತೀರಾ? ಉಳಿದ ಅರುವತ್ತೊಂದು ಕೋಳಿಗಳನ್ನು ಮಾರುವಂತಿಲ್ಲ. ಕೊಯ್ಯುವಂತೆಯೂ ಇಲ್ಲ, ಯಾಕೆಂದರೆ ನಿಮ್ಮ ಆದೇಶದ ಪ್ರಕಾರ ಅವು ಸಾಕ್ಷ್ಯ. ಸಾಕ್ಷಿಗಳು ದಿನಕ್ಕೆ ಇಪ್ಪತ್ತು ಮೊಟ್ಟೆ ಇಡುತ್ತವೆ. ಅಷ್ಟನ್ನೂ ಸಂಜೆ ಗುಂಡಿಗೆ ಹಾಕಿ, ಸುಣ್ಣ ಸುರಿದು, ಮಣ್ಣು ಮುಚ್ಚಬೇಕು. ಇನ್ನೂ ಬೆಚ್ಚಗಿರುವ ಮೊಟ್ಟೆ ಹೂಳುವ ಕೈಗೆ ಏನನ್ನಿಸುತ್ತದೆಂದು ಯಾವ ನಮೂನೆಯಲ್ಲಿ ಬರೆಯಲಿ? ಗೇಟಿಗೆ ನಿಮ್ಮವರು ತೂಗುಹಾಕಿದ ಕೆಂಪು ಬೋರ್ಡು ನೋಡಿ ಪಕ್ಕದ ಮನೆಯವರು ರಸ್ತೆಯಿಂದಲೇ ಕೂಗಿ ಮಾತಾಡಿಸುತ್ತಾರೆ. ಈ ರೋಗ ಮನುಷ್ಯರ ತಂಟೆಗೆ ಬರುವಂಥದ್ದಲ್ಲ ಎಂದು ಡಾಕ್ಟರು ಎಷ್ಟು ಹೇಳಿದರೂ ನಮ್ಮಲ್ಲಿ ಕಾಫಿ ಕುಡಿಯುವವರಿಲ್ಲ. ತೀರಿಹೋದ ಹಿರಿಯರಿಗೆ, ನಮ್ಮ ಗುರುಕಾರಣರಿಗೆ, ಒಪ್ಪಿಸಬೇಕಾದ ಕೋಳಿಯನ್ನೂ ಈ ವರ್ಷ ಕೊಡಲಾಗಲಿಲ್ಲ. ಹಿರಿಯರಿಗೆ ನಿಮ್ಮ ಆದೇಶದ ಸಂಖ್ಯೆ ಹೇಳಿ ಕೈಮುಗಿದೆ.

ಹೋದ ವಾರ ನಿಮ್ಮ ಕಚೇರಿಯ ಇನ್ನೊಬ್ಬರು ಜೀಪಿನಲ್ಲಿ ಬಂದು, ಬಿಡುಗಡೆಯ ದಾರಿಯೊಂದನ್ನು ತೋರಿಸಿದರು. ಟೈಪು ಮಾಡಿದ ಕಾಗದ: "ರೋಗದ ಮೂಲ ಖಚಿತವಿಲ್ಲ, ತೋಟಕ್ಕೆ ಬರುವ ಕಾಡುಕೋಳಿಗಳಿಂದ ತಗುಲಿರಬಹುದೆಂದು ಮಾಲೀಕಳು ಒಪ್ಪಿರುತ್ತಾಳೆ." ಕೆಳಗೆ ನಾನು ಸಹಿ ಹಾಕಿದರೆ ಮಾರನೆಯ ದಿನವೇ ಬೋರ್ಡು ಇಳಿಸುತ್ತಾರಂತೆ.

ಜಗಲಿಯಲ್ಲಿದ್ದ ನನ್ನ ಗಂಡ ಮಾಯಿಲಪ್ಪ ಅದನ್ನು ಎರಡು ಸಲ ಓದಿಸಿಕೊಂಡು ಕೇಳಿ, "ಕಾಡುಕೋಳಿಗೆ ಓದು ಬರಹ ಇಲ್ಲೆ, ಅದ್ಕೆ ನಿನ್ನ ಸಹಿ ಬೇಕಾದ್" ಎಂದರು. ಜೀಪಿನವರಿಗೂ ನಗು ಬಂತು.

ನಾನು ನಗಲಿಲ್ಲ. ಪೆನ್ನು ಕೈಗೆ ತೆಗೆದುಕೊಂಡಿದ್ದೆ, ಸುಳ್ಳು ಹೇಳುವುದಿಲ್ಲ. ಆ ಗುಂಡಿ, ಆ ಸುಣ್ಣ, ಆ ಬೋರ್ಡು ಸಾಕಾಗಿ ಹೋಗಿತ್ತು. ಕಾಡುಕೋಳಿ ಬಂದು ನನ್ನನ್ನು ಕೇಳುವುದೂ ಇಲ್ಲ. ಆದರೆ ಅವರ ಕೈಯ ಫೈಲಿನಲ್ಲಿ ಮುಂದಿನ ತಿಂಗಳು ಹತ್ತನೇ ತಾರೀಖಿಗೆ ಮರಿ ಪಡೆಯುವವರ ಪಟ್ಟಿಯಿತ್ತು. ಇನ್ನೂರು ಮನೆ. ಅದೇ ಮರಿ ಕೇಂದ್ರ. ಮಾದಾಪುರದ ಕೆಳಗೆ ಚಿನ್ನಿಯ ಹೆಸರಿತ್ತು, ಇಪ್ಪತ್ತೈದು ಮರಿ.

ಅಕ್ಕನ ಮನೆಯ ಕೋಳಿಯನ್ನು ಇನ್ನು ನಂಬಲಾಗದು, ಸರ್ಕಾರದ್ದಾದರೆ ಭಯವಿಲ್ಲ ಎಂದು ಅವಳು ಅರ್ಜಿ ಹಾಕಿದ್ದಾಳೆ. ತೊಳೆದು, ಸುಣ್ಣ ಬಳಿದು, ಹೊಸ ಅಡಕೆ ಸಲಾಕೆ ಬಡಿದು ಗೂಡು ಸಿದ್ಧ ಮಾಡಿದ್ದಾಳಂತೆ. ಹೋಗಿ ಹೇಳಿದರೆ, ತಪ್ಪು ಮುಚ್ಚಿಕೊಳ್ಳಲು ಅಕ್ಕ ಕಥೆ ಕಟ್ಟಿದಳು ಎನ್ನುತ್ತಾಳೆ. ಕರಡು ತೋರಿಸಿದರೆ, ಮಾನ್ಯವಲ್ಲವೆಂದು ಮೇಲೆಯೇ ಬರೆದಿದೆಯಲ್ಲ ಎನ್ನುತ್ತಾಳೆ. ಈ ಪತ್ರ ಓದಿದರೂ ಅವಳು ನಂಬುವುದು ನಿಮ್ಮ ಸಹಿಯನ್ನೇ.

ಪೆನ್ನು ವಾಪಸು ಕೊಟ್ಟೆ. ನನ್ನ ಸಹಿ ನನ್ನಲ್ಲೇ ಇರಲಿ, ನಿಮ್ಮದನ್ನು ಕೊಡಿ. ಮರಿ ಕೇಂದ್ರದ ಕೋಳಿಗಳನ್ನೆಲ್ಲ ಪರೀಕ್ಷಿಸುವವರೆಗೆ ಹತ್ತನೇ ತಾರೀಖಿನ ವಿತರಣೆ ನಿಲ್ಲಿಸಿ. ಹೋಲಿಕೆ ಪಟ್ಟಿಯನ್ನು ಪೂರ್ತಿಯಾಗಿ ಹೊರಡಿಸಿ. ನಿಮ್ಮ ಸಾಲು ಬಿಟ್ಟು ನನ್ನದನ್ನಷ್ಟೇ ಹೊರಡಿಸುವ ಯೋಚನೆ ಬೇಡ. ಹಾಗೆಯೇ ಅಜ್ಜಿ ಪಾಪ ಎಂದುಕೊಂಡು ಕೊನೆಯ ಸಾಲನ್ನು ಅಳಿಸುವ ಯೋಚನೆಯೂ ಬೇಡ. ಮರಿ ಸಾಯುತ್ತಿದ್ದುದನ್ನು ಕಂಡೂ ಬುಟ್ಟಿ ಹೊತ್ತು ಬಸ್ಸು ಹತ್ತಿದವಳು ನಾನು. ಅದು ಅಲ್ಲಿ ಹಾಗೆಯೇ ಇರಲಿ.

ಮೊದಲ ಪ್ರತಿಯನ್ನು ಮಾದಾಪುರಕ್ಕೆ ಕಳಿಸಿ. ನಿಮ್ಮ ಮೊಹರಿರುವ ಲಕೋಟೆಯಾದರೆ ಅವಳು ಒಡೆಯುತ್ತಾಳೆ. ನನ್ನ ಪ್ರತಿ ಆಮೇಲೆ ಬಂದರೂ ಸರಿ, ಈ ಕೋಳಿಗಳನ್ನು ಬಿಟ್ಟು ನಾನು ಹೇಗೂ ದೂರ ಹೋಗುವಂತಿಲ್ಲ.

ಇಂತಿ,
ಅರುವತ್ತೊಂದು ಸಾಕ್ಷಿಗಳಿಗೆ ಎರಡು ಹೊತ್ತು ಕಾಳು ಹಾಕುತ್ತಾ,
ನಿಮ್ಮ ಬೋರ್ಡಿನ ಒಳಬದಿಯಿಂದ,
ಬೊಳ್ಳಮ್ಮ