ಷಡ್ಡಕ ಕೊಟ್ಟ ಗಿಡ

ಫೆಬ್ರವರಿ 15, ಬುಧವಾರ

ಬೆಳಗ್ಗೆ ಆರು ತಲೆ, ನಾಲ್ಕು ಗಡ್ಡ. ಎರಡನೇ ಕುರ್ಚಿಯ ಹ್ಯಾಂಡಲ್ ಮತ್ತೆ ಸಡಿಲ. ಕನ್ನಡಿ ಒರೆಸಿದೆ. ಟವೆಲ್ ನೆನೆಹಾಕಿದೆ. ಗಿಡಕ್ಕೆ ನೀರು — ಕೂದಲಿಗೆ ಹೊಡೆಯುವ ಸ್ಪ್ರೇ ಬಾಟಲಿನಲ್ಲೇ.

ಹಾಂ, ಗಿಡ. ನಿನ್ನೆ ಅಂಗಡಿ ರಜೆ, ಷಡ್ಡಕನ ಮನೆಗೆ ಹೋಗಿದ್ದೆವು. ನನ್ನವಳ ಅಕ್ಕನ ಗಂಡ. ಹಿತ್ತಲಲ್ಲಿ ನಲವತ್ತು ಆರ್ಕಿಡ್ ಸಾಕಿದ್ದಾನೆ. ಒಂದೊಂದರ ಮುಂದೆಯೂ ನಿಲ್ಲಿಸಿ ಐದೈದು ನಿಮಿಷ ಪಾಠ. ಕೊನೆಗೆ ಮೂಲೆಯ ಕುಂಡದಿಂದ ಒಂದು ತುಂಡನ್ನು ಕೈಯಲ್ಲೇ ಮುರಿದ. ಕತ್ತರಿ ತರುವಷ್ಟು ವ್ಯವಧಾನವೂ ಇಲ್ಲ. ಪೇಪರಿನಲ್ಲಿ ಸುತ್ತಿ ಕೊಟ್ಟ.

"ತಗೊಳಪ್ಪಾ. ಒಂದು ತಿಂಗಳು ಉಳಿಸ್ಕೊಂಡ್ರೆ ನಿನ್ನ ಕೈಗೆ ಚಿನ್ನದ ಕಡಗ ತೊಡಿಸ್ತೀನಿ."

ಎಲ್ಲರೂ ನಕ್ಕರು. ನಾನೂ ನಕ್ಕೆ. ಬರುವ ದಾರಿಯಲ್ಲಿ ನನ್ನವಳು, "ಯಾಕ್ರೀ ಮುಖ ಊದಿಸ್ಕೊಂಡಿದೀರಾ" ಅಂದಳು. ಊದಿಸಿಕೊಂಡಿರಲಿಲ್ಲ. ನನ್ನ ಮುಖ ಇರುವುದೇ ಹಾಗೆ.

ಮೂರು ಕಡ್ಡಿ. ಎರಡು ಬೋಳು, ಒಂದಕ್ಕೆ ನಾಲ್ಕು ಎಲೆ. ಕಿಟಕಿ ಪಕ್ಕ ಇಟ್ಟಿದ್ದೇನೆ. ಹೂ ಅರಳಿಸಿ ಅವನ ಮುಂದೆ ಇಡದಿದ್ದರೆ ಕೇಳಿ.

ಫೆಬ್ರವರಿ 19, ಭಾನುವಾರ

ಕೈ ಬಿಡುವಿಲ್ಲದಷ್ಟು ರಶ್. ನಡುವೆ ಒಂದು ಒಳ್ಳೆಯ ಕೆಲಸ. ಗಿಡದ ಬುಡದಿಂದ ಕುಂಡದ ಹೊರಗೆ ಬಿಳಿ ಬಿಳಿ ದಾರಗಳು ಜೋತಾಡುತ್ತಿದ್ದವು. ಮೂವತ್ತು ವರ್ಷದ ಅಭ್ಯಾಸ, ಅಡ್ಡಾದಿಡ್ಡಿ ಬೆಳೆದದ್ದು ಕಂಡರೆ ಕೈ ಸುಮ್ಮನಿರುವುದಿಲ್ಲ. ಸಣ್ಣ ಕತ್ತರಿ ತೆಗೆದು ಸುತ್ತಲೂ ನೀಟಾಗಿ ಟ್ರಿಮ್ ಮಾಡಿದೆ. ಕತ್ತರಿಸಿದ ಜಾಗಕ್ಕೆಲ್ಲ ಆಲಂ ಕಲ್ಲು ಒರೆಸಿದೆ, ಗಡ್ಡ ಹೆರೆಯುವಾಗ ಗಲ್ಲ ಕೊಯ್ದರೆ ಒರೆಸುವ ಹಾಗೆ. ಕಾಯುತ್ತಿದ್ದ ಗಿರಾಕಿಗಳೂ ಮೆಚ್ಚಿಕೊಂಡರು.

ಫೆಬ್ರವರಿ 28, ಮಂಗಳವಾರ

ಎರಡು ಎಲೆ ಹಳದಿ, ಒಂದು ಉದುರಿಯೇ ಹೋಯಿತು. ಷಡ್ಡಕನನ್ನು ಕೇಳುವುದುಂಟೇ? ಸಾಯುತ್ತೇನೆ ಹೊರತು ಕೇಳುವುದಿಲ್ಲ. ಗಿಡ ಚೀಲಕ್ಕೆ ಹಾಕಿಕೊಂಡು ಸೇತುವೆ ಆಚೆಯ ನರ್ಸರಿಗೆ ಹೋದೆ. ನಡೆಸುವವಳು ದಪ್ಪ ಕನ್ನಡಕದ ಹೆಂಗಸು. ತಿರುಗಿಸಿ ತಿರುಗಿಸಿ ನೋಡಿದಳು.

"ಯಾರ್ರೀ ಇದಕ್ಕೆ ಕಟಿಂಗ್ ಮಾಡಿದ್ದು?"

"ನಾನೇ."

"ಏನ್ ಕೆಲಸ ನಿಮ್ದು?"

"ಕಟಿಂಗ್ ಶಾಪ್."

ಸ್ಟೂಲಿನ ಮೇಲೆ ಕೂತು ನಗಲು ಶುರುಮಾಡಿದಳು. ಕನ್ನಡಕ ತೆಗೆದು ಕಣ್ಣೊರೆಸಿಕೊಂಡು ಮತ್ತೆ ನಕ್ಕಳು. ಆಮೇಲೆ ಹೇಳಿದಳು: ಅವು ದಾರವಲ್ಲ, ಬೇರು. ಈ ಗಿಡ ಗಾಳಿಯಲ್ಲೇ ಬೇರು ಬಿಟ್ಟು ನೀರು ಕುಡಿಯುತ್ತದೆ. ಮಣ್ಣು ಬೇಡ, ಇದ್ದಿಲು ಮತ್ತು ತೊಗಟೆ ಚೂರು ಸಾಕು. "ದಿನಾ ಸ್ನಾನ ಮಾಡಿಸ್ಬೇಡಿ ಪಾಪ. ಪೂರ್ತಿ ಒಣಗಿದ ಮೇಲೆ ಕೊಡಿ." ಕತ್ತರಿ ಕ್ಲೀನ್ ಇತ್ತಾ ಅಂತ ಕೇಳಿದಳು. ಅದೊಂದು ಕೇಳಿದ್ದಕ್ಕೆ ನನಗೆ ಸ್ವಲ್ಪ ಜೀವ ಬಂತು. ಒಂದು ತಲೆ ಮುಗಿದರೆ ಸ್ಪಿರಿಟ್ಟಲ್ಲಿ ಒರೆಸಿ ಬೆಂಕಿಗೆ ಹಿಡಿಯದೆ ಇನ್ನೊಂದು ತಲೆ ಮುಟ್ಟುವುದಿಲ್ಲ ನಾನು, ಅಂದೆ.

"ಅದೊಂದಾದ್ರೂ ಸರಿಯಾಗಿ ಮಾಡಿದೀರಲ್ಲ" ಅಂದಳು.

ಏಪ್ರಿಲ್ 9

ಒಂದು ತಿಂಗಳು ದಾಟಿ ಇಪ್ಪತ್ತಾರು ದಿನ. ಕಡಗದ ಸುದ್ದಿ ಇಲ್ಲ.

ಬುಡದಲ್ಲಿ ಹೊಸ ಬೇರು. ಬಿಳಿ ಮೈ, ಹಸಿರು ತುದಿ. ಕತ್ತರಿ ಇಟ್ಟ ಡ್ರಾಯರಿಗೆ ಬೀಗ ಹಾಕಬೇಕೇನೋ ಅಂತ ನನ್ನವಳ ಕೊಂಕು.

ಜುಲೈ 4, ಮಂಗಳವಾರ

ಮೂರು ತಿಂಗಳು ಬರೆಯಲೇ ಇಲ್ಲ. ಬರೆಯುವಂಥದ್ದು ಏನೂ ಆಗಲಿಲ್ಲ, ಎಲ್ಲ ಚೆನ್ನಾಗಿತ್ತು.

ಹೊಸ ಕಡ್ಡಿ ಎದ್ದಿದೆ, ಈಗ ಗೇಣುದ್ದ. ಐದು ಎಲೆ, ಎಣ್ಣೆ ಹಚ್ಚಿದ ಹಾಗೆ ಮಿರಮಿರ. ಬೆಳಗ್ಗೆ ಅಂಗಡಿ ತೆರೆದ ಕೂಡಲೇ ಕುಂಡ ಎತ್ತಿ ತೂಕ ನೋಡುತ್ತೇನೆ. ಹಗುರಾಗಿದ್ದರೆ ನೀರು, ಭಾರವಿದ್ದರೆ ಇಲ್ಲ. ಕನ್ನಡಿಯಲ್ಲಿ ಗಿರಾಕಿಯ ಮುಖದ ಪಕ್ಕದಲ್ಲೇ ಅದೂ ಕಾಣುತ್ತದೆ. ನಿನ್ನೆ ಒಬ್ಬರ ಗಲ್ಲಕ್ಕೆ ನೊರೆ ಹಚ್ಚಿ ಗಾಳಿಯ ಬೇರಿನ ವಿಷಯ ಹೇಳುತ್ತಿದ್ದೆ. ಊಟದ ಡಬ್ಬಿ ತಂದ ನನ್ನವಳು ಕೇಳಿಸಿಕೊಂಡು ನಿಂತಳು. ಗಿರಾಕಿ ಹೋದ ಮೇಲೆ —

"ಥೇಟ್ ನಮ್ಮ ಭಾವನ ಹಾಗೇ ಆಡ್ತಿದೀರಾ ಕಣ್ರೀ."

ಊಟ ಸೇರಲಿಲ್ಲ.

ಸೆಪ್ಟೆಂಬರ್ 17, ಭಾನುವಾರ

ಅತ್ತಿಗೆ ಫೋನ್ ಮಾಡಿದ್ದರು, ಷಡ್ಡಕನ ಹೆಂಡತಿ. ಅವನ ಗಿಡಗಳಿಗೆ ಏನೋ ರೋಗ. ಎಲೆ ಮೇಲೆ ಕಪ್ಪು ಉಂಗುರ. ಐದು ಆಗಲೇ ಹೋಗಿವೆಯಂತೆ.

ಬರೆದೇಬಿಡುತ್ತೇನೆ, ಇಲ್ಲಿ ಓದುವವರು ಯಾರು. ಖುಷಿಯಾಯಿತು. ಒಳಗಿಂದ ಉಕ್ಕಿ ಬಂತು. ಫೋನಿನಲ್ಲಿ "ಅಯ್ಯೋ ಪಾಪ" ಅಂದೆ, ಕನ್ನಡಿ ನೋಡಿದರೆ ನನ್ನ ಮುಖ ನಗುತ್ತಿತ್ತು. ಕುರ್ಚಿಯಲ್ಲಿದ್ದ ಮೇಷ್ಟ್ರು, "ಏನಪ್ಪ ಒಳ್ಳೆ ಸುದ್ದಿಯಾ?" ಅಂತ ಕೇಳಿದರು. ನಾಚಿಕೆಯಾಯಿತು. ಅವರ ತಲೆ ಮುಂದಕ್ಕೆ ಬಗ್ಗಿಸಿ ಹಿಂದಿನ ಕೂದಲು ಕತ್ತರಿಸತೊಡಗಿದೆ.

ಅಕ್ಟೋಬರ್ 24, ಮಂಗಳವಾರ

ಹೋಗಿ ನೋಡಿ ಬಂದೆವು. ಇಪ್ಪತ್ತಾರು ಹೋಗಿವೆ. ತೋಟಗಾರಿಕೆ ಕಚೇರಿಯವರು ಬಂದು ನೋಡಿದರಂತೆ. ವೈರಸ್. ಒಂದೇ ಕತ್ತರಿಯಲ್ಲಿ ಎಲ್ಲ ಗಿಡ ಕತ್ತರಿಸಿದ್ದಾನೆ, ಒಂದು ಸಲವೂ ತೊಳೆದಿಲ್ಲ. ಒಂದರದ್ದು ಇನ್ನೊಂದಕ್ಕೆ ಹತ್ತಿದೆ. ಔಷಧಿ ಇಲ್ಲ. ಉಳಿದವನ್ನೂ ಕಿತ್ತು ಸುಡಬೇಕು.

ಷಡ್ಡಕ ಹಿತ್ತಲ ಮೆಟ್ಟಿಲ ಮೇಲೆ ಕೂತಿದ್ದ. ಪಾಠವಿಲ್ಲ. ನನ್ನ ಮುಖ ನೋಡದೆ, "ನಾನೇ ಕತ್ತರಿಸಿ ಕತ್ತರಿಸಿ ಹಚ್ಚಿದೀನಿ ನೋಡು" ಅಂದ.

ಒಂದು ತಲೆಗೆ ಒಂದು ಬ್ಲೇಡು, ನಮ್ಮ ಕಸುಬಿನ ಮೊದಲನೇ ಪಾಠ. ನಾಲಿಗೆ ತುದಿಗೆ ಬಂದಿತ್ತು. ಎಂಟು ತಿಂಗಳಿಂದ ಇಂಥ ಒಂದು ಮಾತಿಗಾಗಿ ಕಾದಿದ್ದೆ. ನುಂಗಿಕೊಂಡೆ. ಪಕ್ಕದಲ್ಲಿ ಕೂತೆ. ಅತ್ತಿಗೆ ಕೊಟ್ಟ ಕಾಫಿ ಇಬ್ಬರ ಕೈಯಲ್ಲೂ ಆರಿತು.

ಅಕ್ಟೋಬರ್ 25

ಅಂಗಡಿ ಒಂದು ಗಂಟೆ ತಡವಾಗಿ ತೆರೆದೆ. ಗಿಡ ಎತ್ತಿಕೊಂಡು ನರ್ಸರಿಗೆ ಓಡಿದ್ದೆ. ಆಯಮ್ಮ ಒಂದೊಂದು ಎಲೆಯನ್ನೂ ಬೆಳಕಿಗೆ ಹಿಡಿದು ನೋಡಿದಳು. ಉಂಗುರವಿಲ್ಲ, ಗೆರೆಯಿಲ್ಲ.

"ಅವರು ಕೈಯಲ್ಲಿ ಮುರಿದು ಕೊಟ್ಟಿದ್ದು ನಿಮ್ಮ ಪುಣ್ಯ. ಅವರ ಕತ್ತರಿ ಇದಕ್ಕೆ ತಾಗಿಲ್ಲ."

ನವೆಂಬರ್ 30, ಗುರುವಾರ

ಬಂತು. ಹೊಸ ಕಡ್ಡಿಯ ತುದಿಯಲ್ಲಿ ಹೂಗೊಂಚಲಿನ ದಂಟು. ಐದು ಮೊಗ್ಗು, ಒಂದೊಂದೂ ಹೆಸರುಕಾಳಿನಷ್ಟು. ನನ್ನವಳಿಗೆ ಫೋನ್ ಮಾಡಿ, "ಬೇಗ ಬಾ" ಅಂದೆ. ಏನೋ ಆಯಿತೆಂದು ಚಪ್ಪಲಿ ಅದಲುಬದಲು ಹಾಕಿಕೊಂಡು ಬಂದಳು. ಬೈದಳು. ಆಮೇಲೆ ತಾನೂ ಬಗ್ಗಿ ಎಣಿಸಿದಳು. ಐದೇ.

ಮಗಳು ಹುಟ್ಟಿದಾಗ ಬಿಟ್ಟರೆ ಇಷ್ಟು ಖುಷಿ ನನಗೆ ಯಾವಾಗ ಆಗಿತ್ತೋ ನೆನಪಿಲ್ಲ. ಷಡ್ಡಕನಿಗೆ ಹೇಳಲಿಲ್ಲ. ಅರಳಲಿ, ಆಮೇಲೆ.

ಡಿಸೆಂಬರ್ 10, ಭಾನುವಾರ

ಅತ್ತಿಗೆ ಮತ್ತೆ ಫೋನ್. ನಲವತ್ತೂ ಹೋದವು. ಬುಧವಾರ ಗುಜರಿಯವನು ಬಂದು ಕಬ್ಬಿಣದ ಸ್ಟ್ಯಾಂಡು, ನೆರಳಿನ ಬಲೆ ಎಲ್ಲ ಒಯ್ಯುತ್ತಾನೆ. "ಗಿಡದ ಮಾತೆತ್ತಿದ್ರೆ ಎದ್ದು ಹೋಗ್ತಾರೆ. ಇಡೀ ದಿನ ಟೀವಿ ಮುಂದೆ, ಅದೂ ಆಫ್ ಆಗಿರುತ್ತೆ" ಅಂದರು. ಇನ್ನೊಂದು ವಿಷಯವನ್ನೂ ಹೇಳಿದರು. ನನಗೆ ಮುರಿದುಕೊಟ್ಟ ಆ ಮೂಲೆಯ ಗಿಡ, ಮದುವೆಯಾದ ಹೊಸದರಲ್ಲಿ ಇಬ್ಬರೂ ಹೋಗಿ ತಂದದ್ದು. ಅವನ ಮೊದಲನೇ ಆರ್ಕಿಡ್. ಅದರ ವಂಶದಲ್ಲಿ ಈಗ ಉಳಿದಿರುವುದು ನನ್ನ ಕಿಟಕಿಯಲ್ಲಿರುವುದೊಂದೇ.

ನರ್ಸರಿಯಮ್ಮನಿಗೆ ಫೋನ್ ಮಾಡಿ ಕೇಳಿದೆ, ಎರಡು ಭಾಗ ಮಾಡಬಹುದಾ ಅಂತ.

"ಮಾಡಬಹುದು. ಆದ್ರೆ ಮೊಗ್ಗು ಬಂದಿರೋವಾಗ ಬುಡ ಕತ್ತರಿಸಿದ್ರೆ ಮೊಗ್ಗು ನಿಲ್ಲೋದು ಕಷ್ಟ. ಎರಡು ತಿಂಗಳು ತಡೀರಿ, ಹೂ ಮುಗೀಲಿ."

ಎರಡು ತಿಂಗಳು. ಸ್ಟ್ಯಾಂಡು ಹೋಗುವುದು ಬುಧವಾರ. ಅದು ಹೋದ ಮೇಲೆ ಅವನು ಮತ್ತೆ ಗಿಡ ಮುಟ್ಟುವ ಆಸಾಮಿಯಲ್ಲ, ನನಗೆ ಗೊತ್ತು. ಹಟಮಾರಿ. ನನ್ನ ಹಾಗೇ.

ಹತ್ತು ತಿಂಗಳು ಸಾಕಿದ್ದೇನೆ.

ಡಿಸೆಂಬರ್ 12, ಮಂಗಳವಾರ

ಬೆಳಗ್ಗೆ ಗಿಡ ಮನೆಗೆ ತಂದೆ. ನನ್ನವಳು ಏನೂ ಕೇಳಲಿಲ್ಲ, ಬಟ್ಟೆಚೀಲ ತಂದು ಮೇಜಿನ ಮೇಲಿಟ್ಟಳು. ಕುಂಡ, ಹೊಸ ಬ್ಲೇಡು, ಸ್ಪಿರಿಟ್ ಬಾಟಲಿ, ಬೆಂಕಿಪೆಟ್ಟಿಗೆ. ಬಸ್ಸಿನಲ್ಲಿ ಮಡಿಲ ಮೇಲೆ ಇಟ್ಟುಕೊಂಡೇ ಹೋದೆ.

ಷಡ್ಡಕ ಗಿಡ ನೋಡಿದ. ಮೊಗ್ಗು ನೋಡಿದ.

"ಇದು ನಾನು ಕೊಟ್ಟಿದ್ದಾ?"

"ನೀವೇ ಕೊಟ್ಟಿದ್ದು ಅಣ್ಣ."

"ಬದುಕಲ್ಲ ಅಂತ ಗೊತ್ತಿದ್ದೇ ಕೊಟ್ಟಿದ್ದೆ ಕಣಯ್ಯ."

ಎರಡು ಭಾಗ ಮಾಡೋಣ, ಮೊಗ್ಗಿನ ಭಾಗ ನೀವಿಟ್ಕೊಳ್ಳಿ ಅಂದೆ. ತಲೆ ಅಡ್ಡಡ್ಡ ಆಡಿಸಿದ. ನನಗೆ ಆ ಬೋಳು ಕಡ್ಡಿಗಳೇ ಸಾಕು, ಹೂವು ನಿನ್ನದು ಅಂದ. ಜಗಳವೇ ಆಯಿತು, ಅತ್ತಿಗೆ ಬಂದು ಇಬ್ಬರನ್ನೂ ಬೈದರು. ಕೊನೆಗೆ ಅವನ ಮಾತೇ ಗೆದ್ದಿತು. ಕತ್ತರಿಸೋಕೆ ಅವನ ಕೈಗೆ ಬ್ಲೇಡು ಕೊಟ್ಟೆ. ಕೈ ಹಿಂದಕ್ಕೆ ಎಳೆದುಕೊಂಡ.

"ನಾನು ಮುಟ್ಟಲ್ಲ. ನಿನ್ನ ಕೈಗುಣ ಚೆನ್ನಾಗಿದೆ, ನೀನೇ ಮಾಡು."

ಸಾವಿರಾರು ಕುತ್ತಿಗೆ ಮೇಲೆ ಕತ್ತಿ ಆಡಿಸಿದ್ದೇನೆ. ಇವತ್ತು ಎಲ್ಲಿ ಕತ್ತರಿಸಬೇಕೆಂದು ಮೂರು ಸಲ ಅಳೆದೆ. ಬ್ಲೇಡು ಬೆಂಕಿಗೆ ಹಿಡಿದೆ, ಆರಲು ಬಿಟ್ಟೆ, ಒಂದೇ ಏಟಿಗೆ ಕತ್ತರಿಸಿದೆ. ಎರಡೂ ಕಡೆ ಬೇರು ಉಳಿಯಿತು.

ಡಿಸೆಂಬರ್ 13

ಗುಜರಿಯವನು ಬಂದನಂತೆ. ಷಡ್ಡಕ ಗೇಟಿನ ಹತ್ತಿರವೇ ನಿಂತು ವಾಪಸ್ ಕಳಿಸಿದನಂತೆ. ಅತ್ತಿಗೆಗೆ ಫೋನಿನಲ್ಲಿ ಅಳುವೋ ನಗುವೋ, ನನಗೆ ತಿಳಿಯಲಿಲ್ಲ.

ಡಿಸೆಂಬರ್ 18

ಒಂದು ಮೊಗ್ಗು ಹಳದಿಯಾಗಿ ಉದುರಿತು.

ಷಡ್ಡಕ ದಿನಾ ಬೆಳಗ್ಗೆ ಏಳಕ್ಕೆ ಫೋನ್ ಮಾಡುತ್ತಾನೆ. ಕುಂಡ ಎಷ್ಟು ಹಗುರಾದರೆ ನೀರು? ಬಿಸಿಲು ಎಷ್ಟು? ನಲವತ್ತು ಗಿಡ ಸಾಕಿದವನು ನನ್ನನ್ನು ಕೇಳುತ್ತಿದ್ದಾನೆ. ಮೊದಲು ಎದೆ ಉಬ್ಬುತ್ತಿತ್ತು. ಈಗ ಸುಮ್ಮನೆ ಹೇಳುತ್ತೇನೆ. ಕೊನೆಯಲ್ಲಿ ಅವನದು ಒಂದೇ ಪ್ರಶ್ನೆ — "ಮೊಗ್ಗು ಹೇಗಿದೆ?"

"ಚೆನ್ನಾಗಿದೆ ಅಣ್ಣ" ಅಂದೆ. ನನ್ನವಳು ಹುಬ್ಬೇರಿಸಿದಳು.

ಡಿಸೆಂಬರ್ 22

ಇನ್ನೂ ಮೂರು ಹೋದವು. "ಚೆನ್ನಾಗಿದೆ ಅಣ್ಣ."

ಡಿಸೆಂಬರ್ 27, ಬುಧವಾರ

ಕೊನೆಯದೂ ಹೋಯಿತು. ಬೆಳಗ್ಗೆ ಕೂದಲು ಗುಡಿಸುವಾಗ ಪೊರಕೆಗೆ ಸಿಕ್ಕಿತು, ಹಸಿರು ಮೊಗ್ಗು. ಎತ್ತಿ ಜೇಬಿಗೆ ಹಾಕಿಕೊಂಡೆ. ಯಾಕೋ ಗೊತ್ತಿಲ್ಲ. ಬೇಜಾರಾಯಿತು, ಸುಳ್ಳು ಯಾಕೆ. ಆದರೆ ಕತ್ತರಿಸಬಾರದಿತ್ತು ಅಂತ ಮಾತ್ರ ಅನ್ನಿಸಲಿಲ್ಲ.

ಅಷ್ಟರಲ್ಲೇ ಷಡ್ಡಕನ ಫೋನ್. ಮೊಗ್ಗು ಹೇಗಿದೆ? ಇದ್ದದ್ದು ಹೇಳಿದರೆ ತನ್ನಿಂದಲೇ ಹಾಳಾಯಿತು ಅಂತ ಮತ್ತೆ ಆ ಮೆಟ್ಟಿಲ ಮೇಲೆ ಹೋಗಿ ಕೂರುತ್ತಾನೆ.

"ಒಂದು ಅರಳಿದೆ ಅಣ್ಣ" ಅಂದುಬಿಟ್ಟೆ.

"ಹೌದಾ. ಬಣ್ಣ ಹೆಂಗೆ ಬಂದಿದೆ?"

ಬಣ್ಣ. ಹತ್ತು ತಿಂಗಳಲ್ಲಿ ಒಂದು ಸಲವೂ ಕೇಳಿರಲಿಲ್ಲ. ಅವನನ್ನು ಕೇಳಿದರೆ ಚಿಕ್ಕವನಾಗುತ್ತೇನೆ ಅನ್ನುವ ಗರ್ವ. ಏನಾದರೊಂದು ಹೇಳಬೇಕಲ್ಲ.

"ಬಿಳಿ. ಅಪ್ಪಟ ಬಿಳಿ."

ಆ ಕಡೆ ಕುರ್ಚಿ ಎಳೆದು ಕೂತ ಸದ್ದು.

"ಎಲ್ಲಾ ಉದುರಿತಾ?" ಅಂತ ಮೆಲ್ಲಗೆ ಕೇಳಿದ.

"ಎಲ್ಲಾ."

"ಯಾವಾಗ?"

"ಹೋದ ವಾರದಿಂದ."

"ಕಳ್ಳ" ಅಂದ. ಆಮೇಲೆ ನಗಲು ಶುರುಮಾಡಿದ. ಷಡ್ಡಕ ನಕ್ಕದ್ದು ಕೇಳಿ ತಿಂಗಳುಗಳೇ ಆಗಿತ್ತು. ನನಗೂ ತಡೆಯಲಾಗಲಿಲ್ಲ, ಪೊರಕೆ ಹಿಡಿದುಕೊಂಡೇ ನಕ್ಕೆ. ಹಾಗಾದರೆ ಯಾವ ಬಣ್ಣ ಅಣ್ಣ, ಅಂದೆ.

"ಹೇಳಲ್ಲ. ಮುಂದಿನ ವರ್ಷ ನೀನೇ ನೋಡ್ಕೋ."

ಜನವರಿ 9, ಮಂಗಳವಾರ

ಷಡ್ಡಕ, ಅತ್ತಿಗೆ ಬಂದಿದ್ದರು. ಅವನ ಮಡಿಲಲ್ಲಿ ಕುಂಡ. ಬೋಳು ಕಡ್ಡಿಯ ಬುಡದಲ್ಲಿ ಅಕ್ಕಿಕಾಳಿನಷ್ಟು ಹಸಿರು. ಮುಟ್ಟಲು ಬಿಡಲಿಲ್ಲ, ದೂರದಿಂದಲೇ ನೋಡು ಅಂದ. ನಾನೂ ನನ್ನದರ ಹೊಸ ಚಿಗುರು ತೋರಿಸಿದೆ. ಅವನದಕ್ಕಿಂತ ದೊಡ್ಡದು. ಹೇಳಲಿಲ್ಲ, ಆದರೆ ದೊಡ್ಡದು.

ಬಣ್ಣ ಮತ್ತೆ ಕೇಳಿದೆ. ಊಹೂಂ. ಅತ್ತಿಗೆಯನ್ನು ಕೇಳಿದೆ, ಅವರೂ ಗಂಡನ ಪಾರ್ಟಿ. ಹೊರಡುವಾಗ ನನ್ನವಳು, "ಭಾವ, ನನಗಾದ್ರೂ ಹೇಳಿ" ಅಂದಳು. ಷಡ್ಡಕ ಬಗ್ಗಿ ನಾದಿನಿಯ ಕಿವಿಯಲ್ಲಿ ಏನೋ ಹೇಳಿದ. ಇವಳು ಬಾಯಿ ಮೇಲೆ ಕೈ ಇಟ್ಟುಕೊಂಡು ನನ್ನನ್ನೇ ನೋಡಿದಳು.

ಆಗಿನಿಂದ ಒಬ್ಬಳೇ ನಗುತ್ತಿದ್ದಾಳೆ. ಕಾಫಿ ಕೊಡುವಾಗ ಕೇಳಿದೆ, ಇಲ್ಲ. ಬಟ್ಟೆ ಮಡಚುವಾಗ ಕೇಳಿದೆ, ಇಲ್ಲ. ಈಗ ಬಾಗಿಲಲ್ಲಿ ನಿಂತು, ಏನ್ರೀ ಅಷ್ಟೊಂದು ಬರೀತಿದೀರಾ ಅನ್ನುತ್ತಿದ್ದಾಳೆ. ಕೆಂಪಾ? ಅಂದೆ. ಮುಖ ಬದಲಾಗಲಿಲ್ಲ. ಹಳದಿನಾ? ಇಲ್ಲ. ನೇರಳೆ ಅಂದೆ, ತುಟಿ ಸ್ವಲ್ಪ —